ಹೂಂ ಅನ್ನೋತನಕ

ಬಾಗಿಲದಾಗ ನಿಂತು "ಹೋಗಿ ಬರ್ತೇನ್ರೀ ಅಕ್ಕಾರ" ಅಂದ ಮೇಲೆ, ಒಳಗಿನಿಂದ ಯಾರಾದರೂ "ಹೂಂ" ಅನ್ನೋತನಕ ಆಕಿ ಕಟ್ಟೆ ಇಳಿಯುತ್ತಿರಲಿಲ್ಲ. ನನ್ನ ಕೈ ಹಿಟ್ಟಿನಾಗಿರಲಿ, ನಾನು ಹಿತ್ತಲದಾಗಿರಲಿ, ನಿಂತೇ ಇರುತ್ತಿದ್ದಳು. ಬಸ್ಸಿನ ಹೊತ್ತಾದರೂ ಅಷ್ಟೇ. "ನಿನ್ನ ಬಸ್ಸು ಹೊಂಟತಿ, ಹೋಗ ಬೇ" ಅಂತ ನಮ್ಮತ್ತಿ ಬೈದರೆ ಅದನ್ನೇ ಹೂಂ ಅಂತ ಹಿಡಿದು ನಕ್ಕೋತ ಹೋಗುತ್ತಿದ್ದಳು.

ಮೊನ್ನೆ ಆಕಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡವ್ವಾ, ಈ ತಿಂಗಳ ಕಡೀಕ ಅವ್ವ ರಿಟೈರ್ ಆಗಾಕತ್ತಾಳ. ಧಾರವಾಡದಾಗ ಒಂದು ಸಣ್ಣ ಕಾರ್ಯಕ್ರಮ ಐತಿ. ನೀವು ಬಂದು ಎರಡು ಮಾತು ಆಡಬೇಕು."

ನಾನು ನಾಲ್ಕು ಮಂದಿ ಮುಂದೆ ನಿಂತು ಮಾತಾಡಿದಾಕಿ ಅಲ್ಲ. ದೇವರ ಮುಂದೆ ಕೂತು ಮಾತಾಡಿ ರೂಢಿ. ಅಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಚಪ್ಪಾಳಿನೂ ಇಲ್ಲ. ಮೇಲಾಗಿ ಮೊಳಕಾಲು ಬಸ್ಸಿನ ಮೆಟ್ಟಿಲು ಏರಾಕ ಕೇಳುವುದಿಲ್ಲ. "ನೋಡೂಣವ್ವಾ" ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ಒಂದು ವೇಳೆ ಹೋದರೆ ಆಡಬೇಕಾದ ಆ ಎರಡು ಮಾತು ಯಾವುವು ಅಂತ ಯೋಚಿಸಾಕ ಕೂತೆ. ಎರಡರಾಗ ಮುಗಿಯುವಂಥಾದ್ದಲ್ಲ ಅಂತ ಗೊತ್ತಾಯಿತು. ಅದಕ್ಕೇ ಬರೆಯಾಕತ್ತೇನಿ.

ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ನಮ್ಮ ಯಜಮಾನರು ಶಿಗ್ಗಾಂವಿಯ ಪ್ರಾಥಮಿಕ ಸಾಲಿಯಲ್ಲಿ ಮಾಸ್ತರು. ನಮ್ಮದು ಸಣ್ಣ ಮನೆ. ಮುಂದಿನ ಖೋಲಿಗೆ ಬೇರೆ ಬಾಗಿಲಿತ್ತು, ಅದನ್ನು ಬಾಡಿಗೆಗೆ ಕೊಡುತ್ತಿದ್ದೆವು. ಒಂದು ದಿನ ಬಿಸಿಲು ಏರುವ ಹೊತ್ತಿಗೆ ಒಬ್ಬ ಹುಡುಗಿ ಬಂದು ನಿಂತಳು. ಬಗಲಾಗ ಮೂರು ವರ್ಷ ತುಂಬಿರದ ಕೂಸು, ಕೈಯಾಗ ಚೀಲ. ನಮ್ಮತ್ತಿ ಕಟ್ಟೆಯ ಮೇಲೆ ಕೂತು ಎಲಿ ಹಾಕಿಕೊಳ್ಳುತ್ತಿದ್ದಳು. ಕೆಲಸ ಏನು ಅಂತ ಕೇಳುವ ಮೊದಲೇ "ನಿಮ್ಮ ಪೈಕಿ ಯಾರವ್ವಾ?" ಅಂದಳು.

"ಬೌದ್ಧರ್ರೀ ಅಜ್ಜಿ, ಹುಲಗೂರ ಕಡೆಯವರು. ನಾಕು ಮನ್ಯಾಗ ಇದನ್ನ ಹೇಳೇ ವಾಪಸ್ ಬಂದೇನಿ. ಇಲ್ಲೂ ಮೊದಲ ಹೇಳಿಬಿಡ್ತೇನಿ. ಆಮ್ಯಾಲ ನಿಮಗೂ ತ್ರಾಸ ಬ್ಯಾಡ, ನನಗೂ ಬ್ಯಾಡ."

ಒಳಗಿನಿಂದ ಬಂದ ನಮ್ಮ ಯಜಮಾನರು ಅಂದರು: "ಖೋಲಿ ಖಾಲಿ ಐತಿ. ಮಳಿಗಾಲದಾಗ ಮೂಲಿ ಒಂದೀಟು ಸೋರತೈತಿ. ಅದನ್ನ ನಾನೂ ಮೊದಲ ಹೇಳಿಬಿಡ್ತೇನಿ."

ಹಂಗ ಬಂದಳು ಆಕಿ. ನಮ್ಮತ್ತಿ ಒಂದಷ್ಟು ದಿನ ಮುಖ ಗಂಟು ಹಾಕಿಕೊಂಡೇ ಇದ್ದಳು. ಆದರೆ ಕೂಸಿಗೆ ಅದೆಲ್ಲ ಏನು ತಿಳಿಯಬೇಕು? ಸೀದಾ ಬಂದು ಮುದುಕಿಯ ತೊಡಿ ಏರಿತು, ಎಲಿ ಅಡಿಕಿ ಸಂಚಿ ಬಿಚ್ಚಿ ಅಡಿಕಿಯನ್ನೆಲ್ಲ ನೆಲಕ್ಕೆ ಚೆಲ್ಲಿತು. ಸಂಚಿ ಬಿಚ್ಚಿದವರ ಜೊತೆ ಮುನಿಸಿಕೊಂಡು ಎಷ್ಟು ದಿನ ಇರಲಿಕ್ಕೆ ಬರುತ್ತದೆ! ಆಕಿಯ ಖೋಲಿಯಲ್ಲಿ ಬುದ್ಧನ ಪಟವಿತ್ತು. ಅದನ್ನು ನೋಡಿ ಬಂದ ಅತ್ತಿ, "ನಿಮ್ಮ ದೇವರು ಕಣ್ಣು ಮುಚ್ಚಿ ಕುಂತಾನ, ನಮ್ಮ ದೇವರು ಕಣ್ಣು ಬಿಟ್ಟು ಕುಂತಾನ. ಒಬ್ಬಾಂವ ಮಲಗಿದಾಗ ಇನ್ನೊಬ್ಬಾಂವ ಕಾಯ್ಲಿ ಬಿಡು" ಅಂದಳು. ಅವತ್ತಿನಿಂದ ಕೂಸು ನಮ್ಮ ಅಡಿಗಿ ಮನಿಯಲ್ಲೇ ಬೆಳೆಯಿತು.

ಆಕಿಯ ಗಂಡ ಬೀದರ ಕಡೆ ನೌಕರಿಯಲ್ಲಿದ್ದರು, ಸೂಟಿ ಸಿಕ್ಕಾಗ ಬಂದು ಹೋಗುತ್ತಿದ್ದರು. ಹುಲಗೂರಿನಲ್ಲಿ ಆಕಿಯ ಅವ್ವ ಇದ್ದಳು. ಪಾಪ, ಅವಳಿಗೇ ಯಾರಾದರೂ ನೀರು ತಂದು ಕೊಡಬೇಕು, ಕೂಸನ್ನು ಹೆಂಗ ನೋಡಿಕೊಂಡಾಳು? ಹಾಗಾಗಿ ಆಕಿ ಕಚೇರಿಗೆ ಹೋದರೆ ಕೂಸು ನನ್ನ ಹತ್ತಿರ. ನನಗೆ ಎರಡೂ ಗಂಡು, ಸಾಲಿಗೆ ಹೋಗುತ್ತಿದ್ದವು. ಮಧ್ಯಾಹ್ನ ಮನೆ ಬಿಕೋ ಅನ್ನುವ ಹೊತ್ತಿಗೆ ಒಂದು ಹೆಣ್ಣು ಕೂಸನ್ನು ದೇವರೇ ತಂದು ಬಿಟ್ಟಿದ್ದಾನೆ ಅಂತ ತಿಳಿದೆ. ಸಂಜೀಕ ದೀಪ ಹಚ್ಚಿದ ಮೇಲೆ ಅವತ್ತಿನ ದಿನ ದೇವರು ಏನೇನು ಕೊಟ್ಟ ಅಂತ ನೆನೆಯುವ ರೂಢಿ ನನಗೆ. ಹಾಲು ಒಡೆಯಲಿಲ್ಲ, ಬಾವಿಯ ಹಗ್ಗ ಹರಿಯಲಿಲ್ಲ, ಹೀಗೆ. ಆ ವರ್ಷ ಆ ನೆನಪಿನಲ್ಲಿ ಕೂಸು ದಿನಾ ಬರುತ್ತಿತ್ತು.

ಊರಾಗ ಆಕಿಗೆ ಕಂಪ್ಯೂಟರ್ ಬಾಯಿ ಅನ್ನುತ್ತಿದ್ದರು. ಹಾನಗಲ್, ಸವಣೂರು, ಹಿರೇಕೆರೂರು, ನಮ್ಮ ಶಿಗ್ಗಾಂವಿ ಈ ನಾಲ್ಕೂ ಕಡೆ ಪೇಟೆ ಧಾರಣಿಯ ಕಚೇರಿಗಳಿಗೆ ಒಂದೊಂದು ಯಂತ್ರ ಬಂದಿದ್ದವು. ಹಾನಗಲ್ಲಿನಾಗ ಭತ್ತ ಏನು ನಡೀತು, ಸವಣೂರಾಗ ಹತ್ತಿ ಏನು ನಡೀತು ಅನ್ನುವುದು ಟೆಲಿಫೋನ್ ತಂತಿಯ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ರೈತ ಗಾಡಿ ಹೂಡುವ ಮೊದಲೇ ಯಾವ ಪೇಟೆಗೆ ಒಯ್ದರೆ ಚೊಲೊ ಅಂತ ಅವನಿಗೆ ತಿಳಿಯಬೇಕು. ಅದು ಯೋಜನೆ. ಆ ನಾಲ್ಕು ಯಂತ್ರಗಳು ಒಂದರ ಜೊತೆ ಒಂದು ಮಾತಾಡುವಂತೆ ನೋಡಿಕೊಳ್ಳುವುದು ಆಕಿಯ ಕೆಲಸ.

ಅಕ್ಕಿ ಹಸನು ಮಾಡುತ್ತಾ ನಾನು ಕೇಳಿದ್ದೆ, "ಅವು ಹೆಂಗ ಮಾತಾಡ್ತಾವ ತಂಗಿ?"

"ಒಂದೊಂದಕ್ಕೂ ಒಂದು ನಂಬರ್ ಇರತೈತ್ರೀ ಅಕ್ಕಾರ, ಮನೀಗೆ ನಂಬರ್ ಇದ್ದಂಗ. ಉದ್ದಂದು, ನಡುನಡುಕ ಚುಕ್ಕಿ ಇರ್ತಾವ. ಆ ನಂಬರಿಗೆ ಕೂಗಿದ್ರ ಆ ಯಂತ್ರ ಓ ಅಂತೈತಿ. ಒಂದು ಅಂಕಿ ತಪ್ಪಿತಂದ್ರ, ಅದು ಮೇಜಿನ ಮ್ಯಾಲ ಕುಂತಿದ್ರೂ ಊರಿಗೆಲ್ಲಾ ಇಲ್ಲದಂಗ."

ನಂಬರನ್ನು ಯಂತ್ರಕ್ಕೆ ತಿಳಿಸುವುದು ಹುಕುಂ ಕೊಟ್ಟು. ಆಗ ಈಗಿನ ಹಂಗ ಚಿತ್ರ ಮುಟ್ಟಿದರೆ ಕೆಲಸ ಆಗುವ ಕಾಲವಲ್ಲ. ಕರೀ ಪರದೆಯ ಮೇಲೆ ಒಂದು ಸಾಲು ಹುಕುಂ ಬರೆದು ಕೀಲಿ ಒತ್ತಬೇಕು, ಯಂತ್ರ ಹಂಗ ಮಾಡುತ್ತದೆ. ಯಂತ್ರದ ಜೊತೆಗೇ ಬಂದ ಹುಕುಂಗಳು ಇಂಗ್ಲಿಷಿನವು, ಒಂದರ ಹಿಂದೊಂದು ಗಂಟು ಹಾಕಿದಂಥವು. ಮತ್ತೆ ಅವುಗಳದ್ದೊಂದು ಗುಣ. ಕೆಲಸ ಸರಿಯಾಗಿ ಆದರೆ ಯಂತ್ರ ಏನೂ ಹೇಳುವುದಿಲ್ಲ. ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ.

"ಸುಮ್ಮನಿದ್ರ ಆಯ್ತು ಅಂತ ಅರ್ಥ ರೀ," ಅಂದಳು.

ನಮ್ಮತ್ತಿ ಕೂತಲ್ಲಿಂದಲೇ, "ಅಂದ್ರ ನಿಮ್ಮ ಮಾವ ಇದ್ದಂಗ" ಅಂದಳು ನನಗೆ. "ಅಡಿಗಿ ಚೊಲೊ ಆದ್ರ ಒಂದ ಮಾತಿಲ್ಲ. ಉಪ್ಪು ಹೆಚ್ಚಾತೋ, ಓಣಿಗೆಲ್ಲಾ ಕೇಳಬೇಕು. ಅಂಥಾವರ ಕೂಡ ಬಾಳೇ ಮಾಡೋದು ಭಾಳ ತ್ರಾಸ ನೋಡ ಹುಡುಗಿ. ಸುಮ್ಮನ ಕುಂತಾಗೂ ಅಂಜಿಕಿನ."

ಆಕಿ ನಕ್ಕಿದ್ದೇ ನಕ್ಕಿದ್ದು. ನಕ್ಕು ಮುಗಿದ ಮೇಲೆ, "ಖರೇನ ಅಜ್ಜಿ, ಅಂಜಿಕಿನ" ಅಂದಳು.

ಆ ಹುಕುಂಗಳನ್ನು ಕಚೇರಿಯ ಗುಮಾಸ್ತರು ಬಳಸುವ ಹಂಗ ಮಾಡಬೇಕು ಅಂತ ಆಕಿಯ ಹಟ. ನಂಬರು ಆಗಾಗ ಬದಲಾಗುತ್ತಿದ್ದವು. ಪ್ರತಿ ಸಲ ಆಕಿಯೇ ಊರೂರು ತಿರುಗಲಿಕ್ಕೆ ಆಗುತ್ತದೇನು? ಹಿರೇಕೆರೂರಿಗೆ ಅಂದರೆ ನನ್ನ ತವರು ಹಾನಗಲ್ ದಾಟಿ ಹೋಗಬೇಕು. ಹೋಗಿ ಬರುವುದಕ್ಕೆ ಇಡೀ ದಿನ. ಅದಕ್ಕೆ ದೊಡ್ಡ ಹುಕುಂಗಳ ಮೇಲೆ ತನ್ನ ಸಣ್ಣ ಹುಕುಂಗಳನ್ನು ಕಟ್ಟಿದಳು. ಇಂಗ್ಲಿಷ್ ಅಕ್ಷರದಲ್ಲೇ, ಆದರೆ ನಮ್ಮ ಮಾತು. "ತೋರ್ಸು" ಅಂತ ಬರೆದರೆ ಯಾವ ಊರಿನ ಯಂತ್ರ ಈಗ ಯಾವ ನಂಬರಿನಲ್ಲಿದೆ ಅಂತ ತೋರಿಸುತ್ತಿತ್ತು. "ಬದಲು" ಅಂತ ಬರೆದರೆ ಬದಲು ಮಾಡುತ್ತಿತ್ತು. "ಮೊದಲ ತೋರ್ಸು, ಆಮ್ಯಾಲ ಬದಲು" ಅನ್ನುವುದು ಆಕಿಯ ಮಾತು. ಅಡಿಗಿ ಮನ್ಯಾಗೂ ಹಂಗೇ. ನನ್ನ ಸಾರಿಗೆ ಉಪ್ಪು ಹಾಕು ಅಂದರೆ ಮುಚ್ಚಳ ತೆಗೆದು ಒಂದು ಹನಿ ಅಂಗೈಗೆ ಹಾಕಿ ನೆಕ್ಕಿ ನೋಡದೆ ಹಾಕುತ್ತಿರಲಿಲ್ಲ. "ಹಾಕೀನೋ ಇಲ್ಲೋ ಅಂತ ನೀವ ಮರ್ತಿರಬೌದಲ್ರೀ."

ನನ್ನನ್ನೇ ಕೂರಿಸಿಕೊಂಡು ಪರೀಕ್ಷೆಯನ್ನೂ ಮಾಡುತ್ತಿದ್ದಳು. "ಅಕ್ಕಾರ, ಯಂತ್ರ ನಿಮ್ಮನ್ನ ಹಿಂಗ ಕೇಳತೈತಿ. ಹಳೇ ನಂಬರ್ ಇದು, ಹೊಸಾದು ಇದು, ಬದಲು ಮಾಡ್ಲ್ಯಾ? ಏನಂತೀರಿ?"

"ಹೂಂ ಅಂತೇನಿ."

"ನಂಬರ್ ಓದಿದ್ರೇನು?"

"ಎಲ್ಲಿಂದ? ಕೇಳಿದ್ಯಲ್ಲಾ, ಅದಕ್ಕ ಹೂಂ ಅಂದೆ."

ಹಣೆ ಹಣೆ ಬಡಿದುಕೊಂಡಳು. "ಎಲ್ಲಾರೂ ಹಂಗ ರೀ. ಸವಣೂರಿನ ಗುಮಾಸ್ತರಂತೂ ಎರಡೂ ಕೈಲೆ ಎಲಿ ಮಡಚಿಕೋತ ಮೊಣಕೈಲೆ ಹೂಂ ಒತ್ತತಾರ."

ಆದರೂ ಆಕಿ ಅವರನ್ನು ಬೈಯುತ್ತಿರಲಿಲ್ಲ. ಆಗ ಆಡಿದ ಒಂದು ಮಾತು ನನ್ನಲ್ಲಿ ಉಳಿದಿದೆ. "ತಪ್ಪೋದು ಮನುಷ್ಯಾರ ಹಕ್ಕು ಅಕ್ಕಾರ. ಆದ್ರ ಒಂದು ಅಂಕಿ ತಪ್ಪಿದ್ದಕ್ಕ ಹಿರೇಕೆರೂರ ಬಸ್ಸು ಅಂದ್ರ ಶಿಕ್ಷಾ ಭಾಳಾತು."

ಆ ಶಿಕ್ಷಾ ಆಕಿಗೇ ಬಂತು.

ಆಷಾಢದ ಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಕೂಸಿನ ಮೈ ಸ್ವಲ್ಪ ಬೆಚ್ಚಗಿತ್ತು. ಮೇಲಿನ ಕಚೇರಿಯಿಂದ ಹೊಸ ನಂಬರು ಬಂದಿದ್ದವು, ಅವತ್ತೇ ಬದಲು ಮಾಡಬೇಕು. ಲಗೂನ ಬರುತ್ತೇನೆ ಅಂತ ಹೋದಳು. ಶಿಗ್ಗಾಂವಿಯಲ್ಲೇ ಕೂತು ತಂತಿಯ ಮೇಲೆ ಹಾನಗಲ್ಲಿನದು ಬದಲು ಮಾಡಿದಳು, ಸವಣೂರಿನದು ಮಾಡಿದಳು. ಹಿರೇಕೆರೂರಿನದು ಮಾಡುವಾಗ ಒಂದು ಅಂಕಿ ತಪ್ಪಿತು. ಬದಲು ಮಾಡ್ಲ್ಯಾ ಅಂತ ಯಂತ್ರ ಕೇಳಿತ್ತು. ಆಕಿ ಹೂಂ ಒತ್ತಿದ್ದಳು.

ಮಧ್ಯಾಹ್ನ ಬಂದು ನಮ್ಮ ಹೊಸ್ತಿಲ ಮೇಲೆ ಕೂತಳು. "ನಾನ ಬರೆದ ಪ್ರಶ್ನಿ ಅಕ್ಕಾರ, ನಾನ ಓದಲಿಲ್ಲ. ಯಂತ್ರ ಸುಮ್ಮನಾತು. ಆಯ್ತು ಅಂದ್ಕೊಂಡೆ. ಈಗ ಯಾವ ನಂಬರಿಗೆ ಕೂಗಿದ್ರೂ ಓ ಅನ್ನವಲ್ಲದು."

"ಅಲ್ಲಿ ಗುಮಾಸ್ತ ಇಲ್ಲೇನು? ಅಂವಗ ಫೋನ್ ಮಾಡಿ ಹೇಳು."

"ಮಾಡಿದ್ನಿ. ಹಿಂದ ಒಮ್ಮೆ ಏನೋ ಒತ್ತಿ ಸಾಹೇಬರ ಕೈಲೆ ಬೈಸ್ಕೊಂಡಾರ. ನಾ ಅದನ್ನ ಮುಟ್ಟೂದಿಲ್ರೀ ಬಾಯಾರ, ಬೇಕಾದ್ರ ಅದಕ್ಕ ಊದಿನಕಡ್ಡಿ ಬೆಳಗ್ತೇನಿ, ನೀವ ಬರ್ರಿ ಅಂತಾರ."

ನಾಳೆ ಹಿರೇಕೆರೂರಿನ ಸಂತಿ. ಧಾರಣಿ ಬರದಿದ್ದರೆ ಸಾಹೇಬರು ಬಿಡುವುದಿಲ್ಲ. ಕೂಸು ನಿದ್ದಿ ಮಾಡುತ್ತಿತ್ತು, ಹಣೆ ತಣ್ಣಗಿತ್ತು. ನಾನು ನೋಡಿಕೊಳ್ಳುತ್ತೇನೆ ಹೋಗು ಅಂದೆ. ಕೂಸಿನ ತಲೆ ಸವರಿ ಬಸ್ಸಿಗೆ ಓಡಿದಳು. ಆಗಿನ್ನೂ ಬಾಗಿಲದಾಗ ನಿಲ್ಲುವ ರೂಢಿ ಆಕಿಗೆ ಇರಲಿಲ್ಲ.

ಕೂಸು ಎದ್ದಿತು. ಮೈ ಮತ್ತೆ ಸುಡಾಕ ಹತ್ತಿತ್ತು. ತೊಡಿಯ ಮೇಲೆ ಹಾಕಿಕೊಂಡು ಕಥಿ ಹೇಳಾಕ ಶುರು ಮಾಡಿದೆ. ನಾನೇ ಕಟ್ಟಿದ ಕಥಿ ಅದು, ಒಂದು ಎಮ್ಮಿ ಛತ್ರಿ ಹಿಡಕೊಂಡು ರೈಲು ಹತ್ತಾಕ ಯಲವಿಗಿ ಸ್ಟೇಶನ್ನಿಗೆ ಹೋಗುವುದು. ಕೂಸಿಗೆ ಅದೆಂದರೆ ಜೀವ. ಕಥಿ ಹೇಳುವಾಗ ಕೇಳುವವರು ಹೂಂ ಹೂಂ ಅನ್ನಬೇಕು. ನಮ್ಮ ಕಡೆ ಅದು ಎಲ್ಲರ ಮನೆಯ ಪದ್ಧತಿ. ಹೂಂ ನಿಂತರೆ ಹೇಳುವವರು ನಿಲ್ಲಬೇಕು, ಕೂಸು ಮಲಗಿತು ಅಂತ. ಮರುದಿನ ಹೇಳುವಾಗ ಕಡೀಕ ಎಲ್ಲಿ ಹೂಂ ಅಂದಿತ್ತೋ ಅಲ್ಲಿಂದ.

"ಎಮ್ಮಿ ಸ್ಟೇಶನ್ನಿಗೆ ಬಂತು."

"ಹೂಂ."

"ಟಿಕೀಟು ಕೊಡಾಂವ ಕಿಡಕ್ಯಾಗಿಂದ ಎಮ್ಮಿ ಮುಖ ನೋಡಿದ."

ಹೂಂ ಬರಲಿಲ್ಲ. ಮಲಗಿತೇನೋ ಅಂತ ಬಗ್ಗಿ ನೋಡಿದೆ. ಕಣ್ಣು ತೆರೆದೇ ಇದ್ದವು. ಆದರೆ ನನ್ನನ್ನು ನೋಡುತ್ತಿರಲಿಲ್ಲ. "ಹೂಂ ಅನ್ನವ್ವಾ" ಅಂದೆ. "ನನ್ನವ್ವಾ, ಹೂಂ ಅನ್ನ." ಕೈ ಕಾಲು ಸೆಟೆದುಕೊಂಡು ಅದುರಾಕ ಹತ್ತಿದವು.

ನಮ್ಮತ್ತಿ ತಣ್ಣೀರಿನ ಬಟ್ಟೆ ತಂದಳು. ಯಜಮಾನರು ಸಾಲಿಯಿಂದ ಆಗತಾನೇ ಬಂದಿದ್ದರು, ಚಪ್ಪಲಿ ಬಿಡುವ ಮೊದಲೇ ಕೂಸನ್ನು ಎತ್ತಿಕೊಂಡು ಓಡಿದರು. ನಾನು ಬರಿಗಾಲಲ್ಲಿ ಹಿಂದೆ. ನಮ್ಮೂರ ಡಾಕ್ಟರು ವಾರದಲ್ಲಿ ಆ ದಿನ ಹುಬ್ಬಳ್ಳಿಗೆ ಹೋಗುವುದು ರೂಢಿ. ಅವತ್ತು ಬಸ್ಸು ತಪ್ಪಿ ದವಾಖಾನಿಯಲ್ಲೇ ಕೂತಿದ್ದರು. ಆ ತಪ್ಪಿದ ಬಸ್ಸಿಗೆ ನಾನು ಇವತ್ತಿಗೂ ದೀಪದ ಮುಂದೆ ಕೈ ಮುಗಿಯುತ್ತೇನೆ. ಇಂಜೆಕ್ಷನ್ ಕೊಟ್ಟರು, ಮೈ ಒರೆಸುತ್ತಾ ಇರ್ರಿ ಅಂದರು. "ಜ್ವರ ತಲೀಗೆ ಏರಿದ್ರ ಸಣ್ಣ ಕೂಸಿಗೆ ಹಿಂಗ ಆಗತೈತಿ, ಅಂಜಬ್ಯಾಡ್ರಿ." ಯಜಮಾನರು ಟಪಾಲು ಕಚೇರಿಗೆ ಹೋಗಿ ಹಿರೇಕೆರೂರಿಗೆ ಟ್ರಂಕ್ ಕಾಲ್ ಹಾಕಿದರು. ತಂತಿ ಸಿಗಲಿಲ್ಲ. ಆಕಿಗೆ ಸುದ್ದಿಯೇ ಮುಟ್ಟಲಿಲ್ಲ. ಅಲ್ಲಿ ಕೂತು ಆಕಿ ಎಲ್ಲಾ ಸುಮ್ಮನಿದೆ, ಅಂದರೆ ಎಲ್ಲಾ ಚೊಲೊ ಇದೆ ಅಂತ ತಿಳಿದಿದ್ದಳು.

ರಾತ್ರಿ ಕಡೀ ಬಸ್ಸಿಗೆ ಬಂದಳು. ಕೂಸು ನಮ್ಮತ್ತಿಯ ಹಾಸಿಗೆಯಲ್ಲಿ ಮಲಗಿತ್ತು, ಜ್ವರ ಇಳಿದಿತ್ತು. ಕೊರಳಲ್ಲಿ ಹುಲಗೂರು ದರ್ಗಾದ ದಾರ. ಅತ್ತಿ ತನ್ನ ಕೊರಳಿನದನ್ನೇ ಬಿಚ್ಚಿ ಕಟ್ಟಿದ್ದಳು. ನಾನು ಎಲ್ಲಾ ಹೇಳಿದೆ. ಆಕಿ ಅಳಲಿಲ್ಲ. ಒಂದೇ ಕೇಳಿದಳು: "ಕಥಿ ಎಲ್ಲಿಗೆ ಬಂದಿತ್ರೀ?"

"ಟಿಕೀಟು ಕೊಡಾಂವ ಎಮ್ಮಿ ಮುಖ ನೋಡಿದ ಅನ್ನೋತನಕ."

ಆಕಿ ಕೂಸಿನ ಕಿವಿಯ ಹತ್ತಿರ ಬಗ್ಗಿದಳು. "ಟಿಕೀಟು ಕೊಡಾಂವ ಎಮ್ಮಿ ಮುಖ ನೋಡಿದ. ಎಲ್ಲಿಗೆ ಹೊಂಟೀಯವ್ವಾ ಅಂದ. ಎಮ್ಮಿ ಅಂತು, ಎಲ್ಲಿಗರ ಕೊಡು, ಹಿರೇಕೆರೂರಿಗೆ ಮಾತ್ರ ಬ್ಯಾಡ."

ಕಣ್ಣು ತೆರೆಯದೆ ಕೂಸು "ಹೂಂ" ಅಂತು. ಆಗ ಅತ್ತಳು ನೋಡ್ರಿ ಆಕಿ.

ಇಷ್ಟಕ್ಕೇ ಮುಗಿಯಲಿಲ್ಲ. ಧಾರವಾಡದಿಂದ ಸಾಹೇಬರು ಬಂದರು. ಕೆಟ್ಟವರಲ್ಲ, ಆದರೆ ಲೆಕ್ಕದ ಮನುಷ್ಯ. "ಬಾಯಾರ, ಹಿರೇಕೆರೂರು ಹಿಂಗ ಪದೇಪದೇ ಮುನಿಸಿಕೊಳ್ಳಾಕತ್ರ ನಿಮ್ಮನ್ನ ಅಲ್ಲೇ ಕುಂದ್ರಸೋದು ಚೊಲೊ" ಅಂದರಂತೆ. ಹೊಸ ಊರು. ಇಲ್ಲಿ ಖೋಲಿ ಸಿಗಬೇಕಾದರೇ ಏನಾಗಿತ್ತು ಅಂತ ಗೊತ್ತಿತ್ತಲ್ಲ. ಅಲ್ಲಿ ಕೂಸನ್ನು ನೋಡುವವರು ಯಾರು? ಇಲ್ಲೇ ನಮ್ಮ ಹತ್ತಿರ ಬಿಟ್ಟು ತಾನೊಬ್ಬಾಕಿನೇ ಹೋಗಬೇಕು, ಇಲ್ಲ ನೌಕರಿ ಬಿಡಬೇಕು.

ಆ ವಾರ ಆಕಿ ಊಟಕ್ಕೆ ಕೂತರೆ ರೊಟ್ಟಿ ಕೈಯಾಗೇ ಇರುತ್ತಿತ್ತು. ಒಂದು ಸಂಜೆ ಕೇಳಿದಳು, "ಅಕ್ಕಾರ, ಮೊದಲ ಕೇಳೋದರಿಂದ ಉಪಯೋಗಿಲ್ಲ. ಹೂಂ ಅಂತ ಒತ್ತೇ ಒತ್ತತೇವಿ. ಬದಲಾದ ಮ್ಯಾಲ ಕೇಳಿದ್ರ?"

"ಆದ ಮ್ಯಾಲ ಕೇಳಿ ಏನ್ ಮಾಡ್ತೀ?"

"ಹಿರೇಕೆರೂರಿನ ಯಂತ್ರ ಹೊಸಾ ನಂಬರಿಗೆ ಹೋಗತೈತಿ. ಹೋದ ಮ್ಯಾಲ ಕೂಗತೈತಿ, ಶಿಗ್ಗಾಂವಿ, ಕೇಳಾಕತ್ತೀಯೇನು? ನಾ ಇಲ್ಲಿಂದ ಹೂಂ ಅನಬೇಕು. ನಂಬರ್ ತಪ್ಪಿತ್ತಂದ್ರ ಅದರ ಕೂಗು ನನಗ ಮುಟ್ಟೂದಿಲ್ಲ, ನನ್ನ ಹೂಂ ಅದಕ್ಕ ಮುಟ್ಟೂದಿಲ್ಲ. ಒಂದೀಟು ಹೊತ್ತು ಕಾದು..."

"ಕಡೀಕ ಎಲ್ಲಿ ಹೂಂ ಅಂದಿತ್ತೋ ಅಲ್ಲಿಗೆ" ಅಂದೆ ನಾನು, ಕೂಸಿನ ಕಥಿಯ ಲೆಕ್ಕದಲ್ಲಿ.

"ಹಳೇ ನಂಬರಿಗೆ, ತಾನ ವಾಪಸ್!" ಅಂದು ರೊಟ್ಟಿಯನ್ನು ತಾಟಿನಲ್ಲಿಟ್ಟು ಎದ್ದೇಬಿಟ್ಟಳು. ಇಂಥ ಉಪಾಯ ದೊಡ್ಡ ಊರಾಗ ಮೊದಲೇ ಯಾರೋ ಮಾಡಿರಬಹುದು ಅಂತ ಆಕಿಯೇ ಅನ್ನುತ್ತಿದ್ದಳು. ಆಕಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟು ನನಗೆ ಗೊತ್ತು. ಹಾಕಿದ ಗಂಟನ್ನು ತಾನೇ ಬಿಚ್ಚುತ್ತಾ, ಮತ್ತೆ ಹಾಕುತ್ತಾ, ಕಚೇರಿ ಮುಗಿದ ಮೇಲೂ ಕೂತು ಮಾಡಿದಳು. ಕರೆಂಟು ಹೋದರೆ ಏನು, ಹೂಂ ಅರ್ಧ ದಾರಿಯಲ್ಲಿ ಉಳಿದರೆ ಏನು ಅಂತ ಒಂದೊಂದನ್ನೂ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾ ಪಾತ್ರೆ ತಿಕ್ಕುತ್ತಿದ್ದಳು. ಗುಮಾಸ್ತರನ್ನು ಕೂರಿಸಿ ಹಿರೇಕೆರೂರಿನ ಯಂತ್ರಕ್ಕೂ ಅದನ್ನು ಹಾಕಿ ಬಂದಳು. ಅದಕ್ಕೆ ಆಕಿ ಇಟ್ಟ ಹೆಸರು "ವಾಪಸ್".

ಸಾಹೇಬರು ನಂಬಲಿಲ್ಲ. "ಕಂಪನಿಯವರು ಕೊಟ್ಟ ಹುಕುಂ ಇರೂವಾಗ ನಿಮ್ಮದ್ಯಾಕ್ರೀ ನಡುವ? ದಾರಿ ತಪ್ಪಿದ ಯಂತ್ರ ತಾನ ಮನೀಗೆ ಬರಾಕ ಅದೇನು ಆಕಳೇನು?"

"ಸರ, ನಿಮ್ಮ ಮುಂದ ಬೇಕಂತನ ತಪ್ಪು ನಂಬರ್ ಕೊಡ್ತೇನಿ. ಬರಲಿಲ್ಲಂದ್ರ ಇವತ್ತಿನ ಬಸ್ಸಿಗೆ ಹೋಗ್ತೇನಿ, ಹೋದಾಕಿ ಅಲ್ಲೇ ಇರ್ತೇನಿ."

ಈ ಮಾತು ಆಡಿ ಬಂದು ನನಗೆ ಹೇಳಿದಳು. "ನೀವೂ ಬರ್ರಿ, ಕೂಸಿನ್ನ ಕರ್ಕೊಂಡು" ಅಂದಳು. "ಹೋಗೋದ ಆದ್ರ ಆಕಿ ಮುಖ ನೋಡೇ ಬಸ್ ಹತ್ತತೇನಿ."

ಆ ಯಂತ್ರವನ್ನು ನಾನು ನೋಡಿದ್ದು ಅವತ್ತೇ ಮೊದಲು. ಮೇಲೆ ಬಟ್ಟೆಯ ಗವಸು, ಗವಸಿನ ಮೇಲೆ ಕುಂಕುಮದ ಬೊಟ್ಟು. ನನಗೆ ಸ್ವಲ್ಪ ಧೈರ್ಯ ಬಂತು. ಗವಸು ತೆಗೆದಳು. "ತೋರ್ಸು" ಅಂತ ಬರೆದಳು. ನಾಲ್ಕು ಊರಿನ ಹೆಸರೂ ಬಂದವು. ಆಮೇಲೆ "ಬದಲು", ಹಿರೇಕೆರೂರು, ಒಂದು ಸುಳ್ಳು ನಂಬರು. ಬದಲು ಮಾಡ್ಲ್ಯಾ ಅಂತು. ಹೂಂ ಒತ್ತಿದಳು. ಮತ್ತೆ "ತೋರ್ಸು" ಅಂದಾಗ ಮೂರೇ ಊರು ಬಂದವು. ಹಿರೇಕೆರೂರು ಇಲ್ಲ.

ಸಾಹೇಬರು ಗಡಿಯಾರ ನೋಡಿದರು. ಆಕಿ ಎರಡೂ ಕೈ ತೊಡಿಯ ಮೇಲಿಟ್ಟು ಕೂತಿದ್ದಳು. ಕೂಸು ನನ್ನ ತೊಡಿಯಿಂದ ಇಳಿಯಾಕ ಹಟ ಮಾಡಿತು. ಏನು ಮಾಡಬೇಕು ತಿಳಿಯದೆ ಸಣ್ಣ ದನಿಯಲ್ಲಿ ಎಮ್ಮಿ ಕಥಿ ಶುರು ಮಾಡಿದೆ. ಹೂಂ, ಹೂಂ ಅಂತ ಕೂಸು. ಎಮ್ಮಿ ಛತ್ರಿ ಬಿಚ್ಚಿತು, ಹೂಂ. ಎಮ್ಮಿ ರೈಲಿನ ಬಾಗಿಲದಾಗ ಹಿಡಿಸಲಿಲ್ಲ, ಹೂಂ. ಒಳಗೆ ನಾನು ದೇವರಿಗೆ ಹೇಳುತ್ತಿದ್ದೆ, ಇಷ್ಟು ದಿನ ನೀನು ಕೊಟ್ಟದ್ದನ್ನೇ ನೆನೆದೇನಿ, ಕೇಳಿಲ್ಲ. ಇದೊಂದು ಕೇಳ್ತೇನಿ.

"ಮುಂದ?" ಅಂದರು ಸಾಹೇಬರು. ಅವರೂ ಕಥಿ ಕೇಳುತ್ತಿದ್ದರು.

ಮುಂದೆ ಹೇಳುವ ಮೊದಲೇ ಪರದೆಯ ಮೇಲೆ ಹಸಿರು ಅಕ್ಷರ ಬಂದವು. ಆಕಿ ಅವನ್ನು ಓದಿದಳು: "ಹಿರೇಕೆರೂರು. ಹೂಂ ಬರಲಿಲ್ಲ. ಹಳೇ ನಂಬರಿಗೆ ವಾಪಸ್ ಬಂದೇನಿ." ಅಷ್ಟೊತ್ತಿಗೆ ಹಿರೇಕೆರೂರಿನ ಗುಮಾಸ್ತರ ಫೋನ್: "ಬಾಯಾರ, ನಾ ಮುಟ್ಟಿಲ್ರೀ! ದೇವರಾಣಿ ಮುಟ್ಟಿಲ್ಲ! ತಾನ ಹೋತು, ತಾನ ಬಂತು!"

ಸಾಹೇಬರು ಏನೂ ಅನ್ನಲಿಲ್ಲ. ಟೊಪಿಗಿ ಹಾಕಿಕೊಂಡು ಹೊರಗೆ ಹೋಗಿ ಚಹಾ ಹೇಳಿದರು. ನಾನು ಗಾಬರಿಯಾಗಿ ಆಕಿಯ ಮುಖ ನೋಡಿದೆ. ಆಕಿ ನನ್ನ ಕಿವಿಯಾಗ ಅಂದಳು: "ಇವರು ಹಳೇ ಹುಕುಂ ಇದ್ದಂಗ ಅಕ್ಕಾರ. ಸುಮ್ಮನಿದ್ರ ಆಯ್ತು ಅಂತ ಅರ್ಥ."

ಹಿರೇಕೆರೂರಿನ ಮಾತು ಮತ್ತೆ ಬರಲಿಲ್ಲ. ನಾಲ್ಕೂ ಊರಿಗೆ "ವಾಪಸ್" ಹಾಕಿದರು. ಸವಣೂರಿನ ಗುಮಾಸ್ತರು ಧೈರ್ಯವಾಗಿ ಮೊಣಕೈಲೆ ಒತ್ತುತ್ತಿದ್ದರಂತೆ. ಬಾಗಿಲದಾಗ ನಿಂತು ಹೂಂ ಕಾಯುವ ರೂಢಿ ಆಕಿಗೆ ಹತ್ತಿದ್ದು ಆವಾಗಿನಿಂದ. ಒಳಗಿನಿಂದ ದನಿ ಬಂದರೇ ಸಮಾಧಾನ. ಕೂಸು ನಮ್ಮ ಮನೆಯಲ್ಲೇ ಅಕ್ಷರ ಕಲಿತು ಸಾಲಿಗೆ ಹೋಯಿತು.

ಆಮೇಲೆ ಗಂಡನಿಗೆ ಧಾರವಾಡಕ್ಕೆ ವರ್ಗ ಆಯಿತು, ಆಕಿಗೂ ಅಲ್ಲೇ ಜಾಗ ಸಿಕ್ಕಿತು. ಗಂಡ, ಹೆಂಡತಿ, ಕೂಸು ಒಂದೇ ಸೂರಿನಡಿ. ಅದಕ್ಕಿಂತ ದೊಡ್ಡದು ಏನು ಬೇಡಬೇಕು? ಸಾಮಾನು ಹೇರಿದ ಟ್ರ್ಯಾಕ್ಟರು ಬಾಗಿಲಿಗೆ ನಿಂತಿತ್ತು. ಬುದ್ಧನ ಪಟವನ್ನು ನಮ್ಮತ್ತಿಯೇ ಸೀರೆಯಲ್ಲಿ ಸುತ್ತಿ ಕೊಟ್ಟಳು. ಕೂಸು ಮೊದಲೇ ಹತ್ತಿ ಕೂತಿತ್ತು. ಆಕಿ ಬಾಗಿಲದಾಗ ನಿಂತಳು.

"ಹೋಗಿ ಬರ್ತೇನ್ರೀ ಅಕ್ಕಾರ."

ನಾನು ಒಲೆಯ ಮುಂದೆ ಇದ್ದೆ. ಕೇಳಿಸಿತು. ಹೂಂ ಅನ್ನಲಿಲ್ಲ. ಹೂಂ ಅನ್ನದಿದ್ದರೆ ಹಳೇ ಜಾಗಕ್ಕೇ ವಾಪಸ್ ಬರುವ ಪದ್ಧತಿ ಮಾಡಿದಾಕಿ ಅಲ್ಲವೇನು ಆಕಿ? ನೋಡೂಣ ಅಂತ ಸುಮ್ಮನೆ ಕೂತೆ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಆಕಿ ಕಟ್ಟೆ ಇಳಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೇ ಬಂದಳು, ಒಲೆಯ ಮುಂದೆ ನನ್ನ ಬಗಲಿಗೆ ಕೂತಳು.

"ಬಂದೇನಿ ನೋಡ್ರಿ" ಅಂದಳು.

ಇಬ್ಬರೂ ಅಲ್ಲೇ ಕೂತೆವು. ಸಾರು ಕುದಿಯಿತು. ಆಕಿ ಮುಚ್ಚಳ ತೆಗೆದು, ಒಂದು ಹನಿ ಅಂಗೈಗೆ ಹಾಕಿ ನೆಕ್ಕಿ, ಉಪ್ಪು ಸರಿ ಐತಿ ಅಂದಳು. ಆಗ ನಾನು ಹೂಂ ಅಂದೆ. ಎದ್ದು ಹೋದಳು.

ಇಷ್ಟು ಬರೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಮಗಳಿಗೆ "ನೋಡೂಣ" ಅಂದು ಇಟ್ಟಿದ್ದೆನಲ್ಲ, ಅದು ಹೂಂ ಅಲ್ಲ. ಅಲ್ಲಿ ಆಕಿ ಕಾಯುತ್ತಿರುತ್ತಾಳೆ, ನನಗೆ ಗೊತ್ತು. ಮೊಳಕಾಲಿಗೆ ಎಣ್ಣೆ ಹಚ್ಚಿಕೊಂಡು, ಯಾರದಾದರೂ ಕೈ ಹಿಡಿದು ಬಸ್ಸು ಹತ್ತಿದರಾಯಿತು. ದೀಪ ಹಚ್ಚಿ ಬಂದು ಫೋನ್ ಮಾಡುತ್ತೇನೆ.